ಹಳೆಯ ಆಟೊಮ್ಯಾಟಿಕ್ ಕಾರು, ಎದುರಿಗೆ ದೇವಿಮನೆ ಘಟ್ಟ: ಯಾವ ಗೇರ್‌ಬಾಕ್ಸ್ ಒಳ್ಳೆಯದು?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಶಿರಸಿ): ನಮಸ್ಕಾರ. ಎಡ ಮೊಣಕಾಲು ಸವೆದಿದೆ, ಇನ್ನು ಕ್ಲಚ್ ತುಳಿಯಬೇಡಿ ಎಂದು ವೈದ್ಯರು ಹೇಳಿದ್ದಾರೆ. ಓಡಾಟ ಹೆಚ್ಚೇನಿಲ್ಲ: ಪೇಟೆ, ಬ್ಯಾಂಕು, ಮಾರಿಗುಡಿ. ಆದರೆ ಮಗಳ ಮನೆ ಕುಮಟಾದಲ್ಲಿದೆ, ಆಗಾಗ ದೇವಿಮನೆ ಘಟ್ಟ ಇಳಿದು ಹತ್ತಲೇಬೇಕು. ಕೈಗೆಟುಕುವ ಬೆಲೆಗೆ ಮೂರು ಹಳೆಯ ಕಾರುಗಳು ಸಿಕ್ಕಿವೆ: 2015ರ ಸೆಲೆರಿಯೊ ಎಎಂಟಿ, 2014ರ ಗ್ರ್ಯಾಂಡ್ ಐ10 ಆಟೊಮ್ಯಾಟಿಕ್, 2014ರ ಹೋಂಡಾ ಸಿಟಿ ಸಿವಿಟಿ. ಮಾರುವವರೆಲ್ಲ 'ಆಟೊಮ್ಯಾಟಿಕ್ ಅಂದ ಮೇಲೆ ಎಲ್ಲವೂ ಒಂದೇ' ಎನ್ನುತ್ತಾರೆ. ನಿಜವೇ?

ಉತ್ತರ (ಗ್ಯಾರೇಜ್ ಮೆಕ್ಯಾನಿಕ್, ಕುಮಟಾ): ನಿಜವಲ್ಲ, ಅಕ್ಕೋರೇ. ಕ್ಲಚ್ ಪೆಡಲ್ ಇಲ್ಲ ಎನ್ನುವುದನ್ನು ಬಿಟ್ಟರೆ ಈ ಮೂರು ಗೇರ್‌ಬಾಕ್ಸ್‌ಗಳ ನಡುವೆ ನಂಟೇ ಇಲ್ಲ. ಕೆಡುವ ರೀತಿ ಬೇರೆ, ಕೆಟ್ಟಾಗ ಬರುವ ಬಿಲ್ಲೂ ಬೇರೆ.

ಸೆಲೆರಿಯೊದ ಎಎಂಟಿ ಎಂದರೆ ನೀವು ಇಷ್ಟು ವರ್ಷ ಓಡಿಸಿದ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಭಾರತದಲ್ಲಿ ಎಎಂಟಿ ಜನರ ಕೈಗೆ ಬಂದದ್ದೇ 2014ರಲ್ಲಿ, ಈ ಕಾರಿನಿಂದ. ಕ್ಲಚ್ ಪ್ಲೇಟ್ ಇದೆಯೆಂದ ಮೇಲೆ ಅದು ಸವೆಯುತ್ತದೆ. ಬದಲಿಸಿದರೆ ಮುಗಿಯಿತು, ಬಿಡಿಭಾಗವೂ ಎಲ್ಲೆಡೆ ಸಿಗುತ್ತದೆ. ತೊಂದರೆ ಇರುವುದು ಏರಿನಲ್ಲಿ. ಆ ಕಾಲದ ಎಎಂಟಿ ಕಾರುಗಳಲ್ಲಿ ಹಿಲ್ ಹೋಲ್ಡ್, ಅಂದರೆ ಏರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಕಾರನ್ನು ಕ್ಷಣಕಾಲ ಹಿಡಿದಿಡುವ ಸೌಲಭ್ಯ, ಇಲ್ಲ. ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ನಿಂತಿರಿ ಎನ್ನಿ. ಬ್ರೇಕ್ ಬಿಟ್ಟ ಕೂಡಲೇ ಕಾರು ತುಸು ಹಿಂದಕ್ಕೆ ಜಾರುತ್ತದೆ. ಅದಕ್ಕೆ ಹೆದರಿ ಬಹಳ ಜನ ಎಕ್ಸಿಲರೇಟರ್ ಮೇಲೆಯೇ ಕಾರನ್ನು ತಡೆದು ನಿಲ್ಲಿಸುತ್ತಾರೆ. ಕ್ಲಚ್ ಸುಡುವುದು ಹಾಗೆ. ಹ್ಯಾಂಡ್‌ಬ್ರೇಕ್ ಎಳೆದು, ಎಕ್ಸಿಲರೇಟರ್ ಕೊಡುತ್ತ ಅದನ್ನು ಬಿಡುವ ಹಳೆಯ ಅಭ್ಯಾಸ ನಿಮಗಿದ್ದರೆ ಈ ಭಯವಿಲ್ಲ.

ಗ್ರ್ಯಾಂಡ್ ಐ10ನದು ಟಾರ್ಕ್ ಕನ್ವರ್ಟರ್, ನಾಲ್ಕೇ ಗೇರ್. ಇಲ್ಲಿ ಎಂಜಿನ್‌ನ ಬಲ ಎಣ್ಣೆಯ ಮೂಲಕ ಚಕ್ರದ ಕಡೆಗೆ ಹೋಗುತ್ತದೆ. ಕಾರು ಹೊರಡುವಾಗ ಉಜ್ಜಿ ಸವೆಯುವ ಕ್ಲಚ್ ಪ್ಲೇಟ್ ಇಲ್ಲ, ಏರಿನಲ್ಲಿ ಬ್ರೇಕ್ ಬಿಟ್ಟರೂ ಥಟ್ಟನೆ ಹಿಂದೆ ಜಾರುವುದಿಲ್ಲ. ವಿನ್ಯಾಸ ಹಳೆಯದು, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಘಟ್ಟದಲ್ಲಿ ಎಂಜಿನ್ ಕೂಗುತ್ತದೆ. ಕೂಗಿದರೂ ಹತ್ತುತ್ತದೆ.

ಸಿಟಿಯ ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರ್‌ಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಮೂರರಲ್ಲಿ ಇದರಷ್ಟು ನಯ ಬೇರೊಂದಿಲ್ಲ, ಮೊಣಕಾಲು ನೋವಿನವರಿಗೆ ಕೂತ ಕೂಡಲೇ ಇಷ್ಟವಾಗುತ್ತದೆ. ಆದರೆ ಅದರ ಆಯುಷ್ಯವಿರುವುದು ಎಣ್ಣೆಯಲ್ಲಿ. ಹೋಂಡಾ ಹೇಳುವ ಎಚ್‌ಸಿಎಫ್-2 ಎಣ್ಣೆಯನ್ನೇ ಹಾಕಬೇಕು. ಯಾರಾದರೂ ಉಳಿತಾಯಕ್ಕೆಂದು ಸಾಮಾನ್ಯ ಆಟೊಮ್ಯಾಟಿಕ್ ಎಣ್ಣೆ ಸುರಿದಿದ್ದರೆ ಬೆಲ್ಟ್ ಜಾರಿ ಪುಲ್ಲಿಯ ಮೈ ಗೀರಿ ಹೋಗಿರುತ್ತದೆ. ಹಾಗಾದ ಸಿವಿಟಿಯನ್ನು ಇಲ್ಲಿ ಬಿಚ್ಚಿ ಸರಿಪಡಿಸುವವರು ಅಪರೂಪ. ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂಬ ಮಾತು ಬರುತ್ತದೆ, ಹಳೆಯ ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ನನ್ನನ್ನು ಕೇಳಿದರೆ ಗ್ರ್ಯಾಂಡ್ ಐ10. ಪೆಟ್ರೋಲ್ ಲೆಕ್ಕ ಹೆಚ್ಚು ಓಡಿಸುವವರಿಗೆ, ನಿಮ್ಮ ಓಡಾಟಕ್ಕೆ ಅದು ನಗಣ್ಯ. ಅದು ಕೈತಪ್ಪಿದರೆ ಸೆಲೆರಿಯೊ. ಸಿಟಿಯ ಮಾತು ಎತ್ತುವುದು, ಗೇರ್ ಎಣ್ಣೆ ಬದಲಿಸಿದ ಬಿಲ್ಲುಗಳನ್ನು ಮಾರುವವರು ಮುಂದಿಟ್ಟ ಮೇಲೆ.

ಮರುಪ್ರಶ್ನೆ (ಅದೇ ಶಿಕ್ಷಕಿ): ನೋಡಲು ಹೋದಾಗ ನಾನು ಏನನ್ನು ಗಮನಿಸಬೇಕು? ಬಾನೆಟ್ ತೆಗೆದರೆ ನನಗೆ ತಿಳಿಯುವುದು ಬ್ಯಾಟರಿ ಒಂದೇ.

ಉತ್ತರ: ಬಾನೆಟ್ ತೆಗೆಯುವುದೇ ಬೇಡ. 'ಬೆಳಿಗ್ಗೆ ಬರುತ್ತೇನೆ, ಎಂಜಿನ್ ಬಿಸಿ ಮಾಡಿ ಇಡಬೇಡಿ' ಎಂದು ಮಾರುವವರಿಗೆ ಮೊದಲೇ ತಿಳಿಸಿ. ತಣ್ಣಗಿರುವಾಗಲೇ ಬ್ರೇಕ್ ಒತ್ತಿ ಹಿಡಿದು ನ್ಯೂಟ್ರಲ್‌ನಿಂದ ಡ್ರೈವ್‌ಗೆ, ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿ. ಗೇರ್ ಕೂರಲು ತಡವಾದರೆ ಅಥವಾ ಧಡ್ ಎಂದು ಬಡಿದರೆ ಅಲ್ಲಿಗೇ ಬಿಡಿ.

ಅದು ಸರಿಯಿದ್ದರೆ ಶಿರಸಿ ಪೇಟೆಯಲ್ಲಿ ಸುತ್ತಿ ಒಪ್ಪಿಕೊಳ್ಳಬೇಡಿ. ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತಿ ಬನ್ನಿ. ಎಷ್ಟೋ ಗೇರ್‌ಬಾಕ್ಸ್‌ಗಳು ತಣ್ಣಗಿರುವಷ್ಟು ಹೊತ್ತು ಸಭ್ಯ. ಎಣ್ಣೆ ಕಾದು ತೆಳುವಾದಾಗಲೇ ಒಳಗಿನ ಒತ್ತಡ ಕುಸಿದು ನಿಜಗುಣ ಹೊರಬೀಳುತ್ತದೆ. ಹತ್ತುವಾಗ ಎಂಜಿನ್‌ನ ಸದ್ದು ಏರುತ್ತಿದೆ, ವೇಗ ಮಾತ್ರ ಏರುತ್ತಿಲ್ಲ ಎಂದರೆ ಒಳಗೆ ಜಾರುತ್ತಿದೆ ಎಂದರ್ಥ. ಸಿವಿಟಿಯಲ್ಲಿ ಎಂಜಿನ್ ಮುಂದೆ, ಕಾರು ಹಿಂದೆ ಎನ್ನಿಸುವುದು ಸ್ವಲ್ಪ ಮಟ್ಟಿಗೆ ಅದರ ಸ್ವಭಾವವೇ. ಆದರೆ ನಡುಕ, ಕೊಸರಾಟ ಇರಕೂಡದು. ಇಳಿಯುವಾಗ ಗೇರ್ ತಗ್ಗಿಸಿ ಹಿಡಿದರೆ ಎಂಜಿನ್ ಕಾರನ್ನು ತಡೆಯಬೇಕು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಬುದ್ಧಿವಂತರು ನಮ್ಮಲ್ಲಿ ಬಹಳ ಇದ್ದಾರೆ, ದಯವಿಟ್ಟು ಅವರ ಮಾತು ಕೇಳಬೇಡಿ. ಬ್ರೇಕ್ ಕಾದು ಹಿಡಿಯದಂತಾದರೆ ಆ ತಿರುವುಗಳಲ್ಲಿ ಬೇರೆ ಆಸರೆಯಿಲ್ಲ.

ಇಷ್ಟರಲ್ಲಿ ಪಾಸಾದ ಕಾರನ್ನು ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್‌ನ ದೋಷ ಸಂಕೇತಗಳನ್ನು ಓದಿಸಿ, ಎಣ್ಣೆಯನ್ನು ತೆಗೆದು ಮೂಸಿ ನೋಡಲು ಹೇಳಿ. ಸುಟ್ಟ ವಾಸನೆ ಬಂದರೆ ಬೇಡ. ಎಣ್ಣೆ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ಉಕ್ಕಿದಾಗ ಮುಳುಗಿದ ಕಾರುಗಳು ಎಲ್ಲಿಗೂ ಮಾಯವಾಗಿಲ್ಲ, ತೊಳೆದು ಒರೆಸಿಕೊಂಡು ಈಗಲೂ ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ.

ಇನ್ನೊಂದು ಪ್ರಶ್ನೆ (ಯುವಕ, ಕಾರವಾರ): ಅಣ್ಣಾ, ಗೋವಾದಲ್ಲಿ 2014ರ ಪೋಲೊ ಜಿಟಿ ಟಿಎಸ್‌ಐ ಇದೆ. ಡಬಲ್ ಕ್ಲಚ್, ಏಳು ಗೇರ್. ಓಡಿಸಿ ನೋಡಿದೆ, ಬಾಣದಂತೆ ಹೋಗುತ್ತದೆ. ಬೆಲೆಯೂ ಸೆಲೆರಿಯೊಗಿಂತ ಅಷ್ಟೇನೂ ಹೆಚ್ಚಿಲ್ಲ.

ಉತ್ತರ: ತಮ್ಮಾ, ಅಂಥ ಕಾರು ಆ ಬೆಲೆಗೆ ಏಕೆ ಬಂತು ಎಂದು ನೀನೇ ಯೋಚಿಸು. ಓಡಿಸುವ ಸುಖದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರ ಎರಡೂ ಕ್ಲಚ್‌ಗಳು ಒಣ ಕ್ಲಚ್‌ಗಳು, ತಂಪು ಮಾಡಲು ಎಣ್ಣೆಯಿಲ್ಲ. ಪೇಟೆಯ ಸಾಲಿನಲ್ಲಿ, ಏರಿನಲ್ಲಿ ತೆವಳುವಾಗ ಬಿಸಿಯೇರುತ್ತವೆ. ಜೊತೆಗೆ ಮೆಕಟ್ರಾನಿಕ್ ಎಂಬ ನಿಯಂತ್ರಣ ಭಾಗ. ಈ ಜಾತಿಯ ಗೇರ್‌ಬಾಕ್ಸ್‌ನಲ್ಲಿ ಅದು ಕೈಕೊಡುವುದು ಜಗತ್ತಿಗೇ ಗೊತ್ತಿರುವ ವಿಷಯ. ಕೆಟ್ಟರೆ ಊರಿನ ಗ್ಯಾರೇಜಿನ ಕೆಲಸವಲ್ಲ, ಹುಬ್ಬಳ್ಳಿ ಅಥವಾ ಪಣಜಿ ಕಡೆ ಒಯ್ಯಬೇಕು. ದುರಸ್ತಿಗೆ ಬೇರೆ ಹಣ ತೆಗೆದಿಟ್ಟಿದ್ದರೆ ಕೊಳ್ಳು. ಸಾಲ ಮಾಡಿ ಕೊಳ್ಳುವುದಾದರೆ ಬೇಡ.

ಗೋವಾದ ಕಾರು ಎಂದಾಗ ಇನ್ನೆರಡು ಮಾತು. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕಾರುಗಳು ಬಹಳ. ದಿನಕ್ಕೊಬ್ಬ ಚಾಲಕ ಬದಲಾದ ಕಾರಿನ ಗೇರ್‌ಬಾಕ್ಸ್ ಏನು ಕಂಡಿದೆಯೋ ಹೇಳುವಂತಿಲ್ಲ. ಮೊದಲಿನಿಂದಲೂ ಖಾಸಗಿ ನೋಂದಣಿಯೇ ಎಂದು ದಾಖಲೆಯಲ್ಲಿ ನೋಡಿಕೋ. ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ನಮೂನೆ 28ರ ನಿರಾಕ್ಷೇಪಣಾ ಪತ್ರ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡ. ಇಲ್ಲಿ ಮರುನೋಂದಣಿ ಮಾಡಿಸುವಾಗ ಕರ್ನಾಟಕದ ತೆರಿಗೆ ಮತ್ತೆ ಕಟ್ಟಬೇಕು. ಅದನ್ನು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಬೆಲೆಗೆ ಸೇರಿಸು. ಆಮೇಲೂ ಅಗ್ಗವೆನಿಸುತ್ತದೆಯೇ ಹೇಳು.

ಪ್ರತಿಕ್ರಿಯೆ (ಓದುಗ, ಅಂಕೋಲಾ): ಎಎಂಟಿ ಪ್ರತಿ ಗೇರ್‌ಗೂ ಮುಗ್ಗರಿಸುತ್ತದೆ. ಅಕ್ಕೋರಿಗೆ ಅದನ್ನು ಹೇಳಲೇ ಇಲ್ಲವಲ್ಲ?

ಉತ್ತರ: ಮುಗ್ಗರಿಸುತ್ತದೆ, ಒಪ್ಪುತ್ತೇನೆ. ಗೇರ್ ಬದಲಾಗುವ ಕ್ಷಣದಲ್ಲಿ ಎಕ್ಸಿಲರೇಟರನ್ನು ತುಸು ಸಡಿಲಿಸಿದರೆ ಬಹುಪಾಲು ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕ್ಲಚ್ ಸವೆದಿರಬಹುದು, ಇಲ್ಲವೇ ಕರಾವಳಿಯ ಉಪ್ಪು ಗಾಳಿಗೆ ತಂತಿ ಕೂಡಿಸುವ ಕನೆಕ್ಟರ್‌ಗಳು ಕಿಲುಬು ಹಿಡಿದಿರಬಹುದು. ಮೊದಲು ಕನೆಕ್ಟರ್ ನೋಡಿಸಿ, ಅದು ಅಗ್ಗ.

ಪ್ರಶ್ನೆ (ಓದುಗ, ಸಿದ್ದಾಪುರ): ಬ್ಯಾಟರಿ ಸತ್ತರೆ ಇವುಗಳನ್ನು ತಳ್ಳಿ ಸ್ಟಾರ್ಟ್ ಮಾಡಬಹುದೇ?

ಉತ್ತರ: ಆಗುವುದಿಲ್ಲ. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಘಟ್ಟದಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಲೂ ಬೇಡಿ. ಟಾರ್ಕ್ ಕನ್ವರ್ಟರ್, ಸಿವಿಟಿ ಎರಡರಲ್ಲೂ ಎಂಜಿನ್ ಓಡಿದರೆ ಮಾತ್ರ ಎಣ್ಣೆಯ ಪಂಪ್ ತಿರುಗುತ್ತದೆ. ಮುಂದಿನ ಚಕ್ರ ನೆಲದ ಮೇಲೆ ಉರುಳುತ್ತ ಹೋದಂತೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ಇಡೀ ಕಾರನ್ನು ಮೇಲೇರಿಸಿ ಒಯ್ಯುವ ಗಾಡಿಯನ್ನೇ ಕರೆಸಿ, ಬರುವುದು ಎಷ್ಟು ತಡವಾದರೂ ಸರಿ.