ಗ್ರಾಮ ಪಂಚಾಯಿತಿ ಅಭ್ಯರ್ಥಿಗೆ ಹಣ ಕೊಟ್ಟವರು ಯಾರೆಂದು ತಿಳಿಯುವುದು ಹೇಗೆ?

ಪ್ರಶ್ನೆ:
ರಾಜಕೀಯ ಪಕ್ಷಗಳು ತಮಗೆ ಬಂದ 20,000 ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಂ ಹೇಳುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ, ಅಲ್ಲಿನ ಅಭ್ಯರ್ಥಿಯ ಬೆನ್ನಿಗೆ ನಿಂತ ಹಣ ಯಾರದೆಂದು ಮತದಾರರು ತಿಳಿಯುವ ದಾರಿ ಯಾವುದು?

ಉತ್ತರ 1:
ಆ ಕಲಂ ಪಕ್ಷಗಳಿಗೆ ಮಾತ್ರ ಅನ್ವಯಿಸುತ್ತದೆ. ಪಂಚಾಯಿತಿ ಚುನಾವಣೆಗಳು ಸಂವಿಧಾನದ 243ಕೆ ವಿಧಿಯಂತೆ ರಾಜ್ಯ ಚುನಾವಣಾ ಆಯೋಗದ ಹೊಣೆ. ಅಭ್ಯರ್ಥಿಗಳು ಸಲ್ಲಿಸಿದ ದಾಖಲೆ ಅಧಿಕಾರಿಗಳ ಬಳಿ ಇದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಆದರೆ ದಾಖಲೆಗೆ ಬಾರದೆ ಕೈಯಿಂದ ಕೈಗೆ ಸಾಗಿದ ಹಣವನ್ನು ಯಾವ ಅರ್ಜಿಯೂ ಹೊರತೆಗೆಯಲಾರದು.

ಉತ್ತರ 2:
ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು, ದಾನಿಯ ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಅವಕಾಶವಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದಾಗ, ಪಕ್ಷಗಳ ಹಣದ ಮೂಲ ತಿಳಿಯುವುದು ಮತದಾರರ ಮಾಹಿತಿ ಹಕ್ಕಿನ ಭಾಗವೆಂದು ಹೇಳಿತು. ಈ ತರ್ಕ ಹಳ್ಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಚರಂಡಿ, ರಸ್ತೆ, ಕುಡಿಯುವ ನೀರಿನ ಕಾಮಗಾರಿಗಳ ಗುತ್ತಿಗೆದಾರನೇ ಪ್ರಚಾರದ ವೆಚ್ಚ ಭರಿಸಿದ್ದರೆ, ಗೆದ್ದ ಸದಸ್ಯರು ಕಾಮಗಾರಿಯ ಗುಣಮಟ್ಟವನ್ನು ಪ್ರಶ್ನಿಸುವ ಧೈರ್ಯ ಕಳೆದುಕೊಳ್ಳುತ್ತಾರೆ.

ಉತ್ತರ 3:
ಒಪ್ಪುತ್ತೇನೆ, ಆದರೂ ಒಂದು ಎಚ್ಚರ ಅಗತ್ಯ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಐನೂರು ರೂಪಾಯಿ ಕೊಟ್ಟ ಕೂಲಿಕಾರ್ಮಿಕರ ಹೆಸರು ಬಹಿರಂಗವಾದರೆ, ಎದುರು ಗುಂಪಿನವರು ಅವರಿಗೆ ಕೆಲಸ ತಪ್ಪಿಸಬಹುದು. ಆದ್ದರಿಂದ ನಿಗದಿತ ಮೊತ್ತ ಮೀರಿದ ದೇಣಿಗೆಗಳನ್ನು ಮತ್ತು ಪಂಚಾಯಿತಿಯೊಡನೆ ಗುತ್ತಿಗೆ ವ್ಯವಹಾರವಿರುವವರ ಎಲ್ಲ ದೇಣಿಗೆಗಳನ್ನು ಮತದಾನಕ್ಕೆ ಮುನ್ನವೇ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸುವ ನಿಯಮವನ್ನು ರಾಜ್ಯ ಸರ್ಕಾರ ತರಬೇಕು.