ಘಾಟಿಯ ಬುಡದಲ್ಲಿ ಸೈಕಲ್: ಉಡುಪಿಯಿಂದ ಬೆಳ್ತಂಗಡಿವರೆಗಿನ ಸದ್ದಿಲ್ಲದ ರಸ್ತೆಗಳು

ಕೇಳಿದವರು, ಮಣಿಪಾಲದಿಂದ:
ಕೆಲಸದ ಮೇಲೆ ಇತ್ತೀಚೆಗೆ ಮಣಿಪಾಲಕ್ಕೆ ಬಂದಿದ್ದೇನೆ. ಊರು ದಾವಣಗೆರೆ. ಅಲ್ಲಿಯ ಬಯಲಿನಲ್ಲಿ ಒಂದು ಬೆಳಿಗ್ಗೆಗೆ 60–70 ಕಿ.ಮೀ. ಸೈಕಲ್ ತುಳಿದು ರೂಢಿಯಿದೆ. ಇಲ್ಲಿ ಹೆದ್ದಾರಿ 66ಕ್ಕೆ ಇಳಿದರೆ ಬಸ್ಸು, ಲಾರಿಗಳ ಭಯದಲ್ಲೇ ಸಮಯ ಕಳೆದುಹೋಗುತ್ತದೆ. ಘಟ್ಟದ ಕಡೆ ವಾಹನ ಕಡಿಮೆಯಿರುವ ಡಾಂಬರು ರಸ್ತೆಗಳು ಯಾವುವು? ಆಗುಂಬೆ ಹತ್ತಬೇಕೆಂಬ ಆಸೆಯೂ ಇದೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಹೆಬ್ರಿಯಿಂದ ಒಬ್ಬರು:
ಆಗುಂಬೆಯನ್ನು ಸ್ವಲ್ಪ ದಿನ ಬದಿಗಿಡಿ. ನಮ್ಮಲ್ಲಿ ಪೂರ್ವಕ್ಕೆ ಹೋಗುವ ದೊಡ್ಡ ರಸ್ತೆ ಎಂದರೆ ಘಾಟಿ ಹತ್ತುವ ರಸ್ತೆ. ಘಟ್ಟದ ಮೇಲಿನವರು ಕೆಳಗಿಳಿಯುವುದಕ್ಕೂ ಕೆಳಗಿನವರು ಮೇಲೆ ಹೋಗುವುದಕ್ಕೂ ಇರುವುದು ಬೆರಳೆಣಿಕೆಯ ದಾರಿಗಳು. ಆದ್ದರಿಂದ ಆಗುಂಬೆ, ಚಾರ್ಮಾಡಿ, ಶಿರಾಡಿಯ ಹೆದ್ದಾರಿಗಳಲ್ಲಿ ನೀವು ಹುಡುಕುವ ಶಾಂತಿ ಸಿಗುವುದಿಲ್ಲ. ಅದು ಸಿಗುವುದು ಘಾಟಿ ಹತ್ತದೆ, ಅದರ ಬುಡದಲ್ಲೇ ತೆಂಕು–ಬಡಗಾಗಿ ಊರಿಂದೂರಿಗೆ ಸಾಗುವ ರಸ್ತೆಗಳಲ್ಲಿ. ಅಲ್ಲಿ ಎದುರಾಗುವುದು ಹಾಲು ಹಾಕಲು ಡೇರಿಗೆ ಹೊರಟವರ ಸ್ಕೂಟರ್, ಶಾಲೆಯ ವ್ಯಾನು, ಆಗೊಮ್ಮೆ ಈಗೊಮ್ಮೆ ಒಂದು ಬಸ್ಸು. ಪೂರ್ವಕ್ಕೆ ಕತ್ತೆತ್ತಿದರೆ ಘಟ್ಟದ ಗೋಡೆ ದಾರಿಯುದ್ದಕ್ಕೂ ಜೊತೆಗಿರುತ್ತದೆ. ಹತ್ತುವವನಿಗೆ ಈ ನೋಟ ಸಿಗುವುದಿಲ್ಲ.

ಹೊಸಬರಿಗೆ ನಾನು ಮೊದಲು ಹೇಳುವುದು ಕಾರ್ಕಳದಿಂದ ಅಜೆಕಾರು, ಮುನಿಯಾಲು, ವರಂಗದ ಮೇಲೆ ಹೆಬ್ರಿಗೆ ಬರುವ ರಸ್ತೆ. ತೀರಾ ನಿರ್ಜನವಲ್ಲ, ಆದರೆ ನೆಮ್ಮದಿಯಾಗಿ ತುಳಿಯಬಹುದು. ಗದ್ದೆ ಬೈಲು, ಅಡಿಕೆ ತೋಟ, ರಬ್ಬರ್ ತೋಟ, ಮಧ್ಯೆ ಕಾಡಿನ ತುಂಡುಗಳು. ವರಂಗದಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಕೆರೆಯ ನಡುವೆ ಬಸದಿ ಇದೆ, ದೋಣಿಯಲ್ಲಿ ಹೋಗಿ ಬರಬೇಕು. ಬೆಳಿಗ್ಗೆ ಬೇಗ ತಲುಪಿದರೆ ಕೆರೆಯ ದಂಡೆಯಲ್ಲಿ ಕುಳಿತು ಅವಲಕ್ಕಿ ತಿಂದು ಹೊರಟರೂ ಸಾಕು.

ಅದು ಒಗ್ಗಿದ ಮೇಲೆ ಹೆಬ್ರಿಯಿಂದ ಬಡಗಕ್ಕೆ ಮಡಾಮಕ್ಕಿ, ಅಮಾಸೆಬೈಲು, ಕುಂದಾಪುರ ತಾಲೂಕಿನ ಸಿದ್ದಾಪುರ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ರಸ್ತೆ ಇದೇ. ಬಹುಪಾಲು ಕಾಡು, ಮನೆಗಳು ದೂರ ದೂರ, ಅಂಗಡಿಗಳು ಅದಕ್ಕಿಂತ ದೂರ. ಮೊಬೈಲ್ ಸಂಪರ್ಕವನ್ನು ನಂಬಿಕೊಂಡು ಹೊರಡಬೇಡಿ. ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಸಿದ್ದಾಪುರ ಮುಟ್ಟುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ನಸುಕಿನಲ್ಲಿ ಕಾಡುಕೋಣ ರಸ್ತೆ ದಾಟುವುದುಂಟು. ಒಂದು ದಾಟಿತೆಂದು ಮುಂದೆ ಹೋಗಬಾರದು, ಹಿಂದೆ ಇನ್ನೂ ಇರುತ್ತವೆ. ಸೈಕಲ್‌ಗೆ ಸದ್ದಿಲ್ಲ, ನಾವು ಹತ್ತಿರ ಬರುವವರೆಗೂ ಅವುಗಳಿಗೆ ಗೊತ್ತಾಗುವುದಿಲ್ಲ. ತಿರುವುಗಳಲ್ಲಿ ಗಂಟೆ ಬಾರಿಸುತ್ತಾ ಹೋಗಿ.

ಮಣಿಪಾಲದಿಂದ ಹೆಬ್ರಿಗೆ ಪರ್ಕಳ, ಪೆರ್ಡೂರಿನ ಮೇಲೆ ಹೋಗುವ 169ಎ ಹೆದ್ದಾರಿ ಎಲ್ಲರೂ ಹೇಳುವ ದಾರಿ, ನಾನು ಹೇಳುವುದಿಲ್ಲ. ಪೆರಂಪಳ್ಳಿಗೆ ಇಳಿದು ಶೀಂಬ್ರದ ಸೇತುವೆಯಲ್ಲಿ ಸುವರ್ಣಾ ನದಿ ದಾಟಿ ಕೊಳಲಗಿರಿಗೆ ಬನ್ನಿ. ಅಲ್ಲಿಂದ ಕೇಳಿಕೊಂಡು ಒಳರಸ್ತೆಗಳಲ್ಲೇ ಪೇತ್ರಿ ತಲುಪಿ, ಕರ್ಜೆ, ಸಂತೆಕಟ್ಟೆಯ ಮೇಲೆ ಹೆಬ್ರಿ. ಹೆದ್ದಾರಿ 66ನ್ನು ಮುಟ್ಟುವ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ: ದಾವಣಗೆರೆಯ 70 ಕಿ.ಮೀ. ಇಲ್ಲಿಯ 70 ಅಲ್ಲ. ಘಟ್ಟದಲ್ಲಿ ಹುಟ್ಟುವ ವಾರಾಹಿ, ಸೀತೆ, ಸುವರ್ಣಾ, ಶಾಂಭವಿ, ಫಲ್ಗುಣಿ ಎಲ್ಲವೂ ಪಶ್ಚಿಮಕ್ಕೆ ಹರಿಯುತ್ತವೆ. ನಾವು ತೆಂಕು–ಬಡಗಾಗಿ ಹೋಗುವಾಗ ಒಂದೊಂದು ನದಿಗೂ ಅದರ ಹಳ್ಳ ತೊರೆಗಳಿಗೂ ಇಳಿಯಬೇಕು, ಮತ್ತೆ ಎದುರಿನ ಗುಡ್ಡೆ ಹತ್ತಬೇಕು. ಉದ್ದದ ಏರು ಎಲ್ಲೂ ಇಲ್ಲ, ಆದರೆ ಚಿಕ್ಕ ಕಡಿದಾದ ಏರುಗಳಿಗೆ ಕೊನೆಯಿಲ್ಲ. ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ, ಅಂದರೆ ಚೈನು ಕೂರುವ ಹಲ್ಲುಗಾಲಿಗಳ ಜೋಡಣೆಯಲ್ಲಿ, ಅತಿ ದೊಡ್ಡದು 32 ಅಥವಾ 34 ಹಲ್ಲಿನದ್ದಾಗಿರಲಿ, ಟೈರು 28 ಮಿ.ಮೀ.ಗಿಂತ ತೆಳುವಾಗಿರುವುದು ಬೇಡ. ಮೊದಲ ತಿಂಗಳು 40 ಕಿ.ಮೀ. ಸಾಕು.

ಮೂಡುಬಿದಿರೆಯಿಂದ ಒಬ್ಬರು:
ಹೆಬ್ರಿಯವರ ಮಾತನ್ನು ಪೂರ್ತಿ ಒಪ್ಪುತ್ತೇನೆ, ತೆಂಕು ಭಾಗದ್ದನ್ನು ನಾನು ಸೇರಿಸುತ್ತೇನೆ. ಮೂಡುಬಿದಿರೆಯಿಂದ ಶಿರ್ತಾಡಿಯ ಮೇಲೆ ನಾರಾವಿಗೆ ಹೋಗುವ ರಸ್ತೆ ಬೆಳಗಿನ ಹೊತ್ತು ನಮ್ಮದೇ ಎನ್ನಿಸುವಷ್ಟು ಖಾಲಿ. ನಾರಾವಿಯಿಂದ ಅಳದಂಗಡಿ, ಗುರುವಾಯನಕೆರೆಗೆ ಹೋಗಿ, ವೇಣೂರಿನ ಮೇಲೆ ಹಿಂದಿರುಗಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಆದರೆ ನಾರಾವಿಯಿಂದ ಗುರುವಾಯನಕೆರೆಯವರೆಗಿನದು ಕಾರ್ಕಳ ಕಡೆಯಿಂದ ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರ ದಾರಿ. ಶನಿವಾರ, ಭಾನುವಾರ, ಸಾಲುರಜೆಗಳಲ್ಲಿ ಅದನ್ನು ಬಿಟ್ಟುಬಿಡಿ. ಊರಿನ ಚಾಲಕರಿಗೆ ತಿರುವುಗಳು ಗೊತ್ತಿರುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟು ದೂರದಿಂದ ಗಾಡಿ ಓಡಿಸಿಕೊಂಡು ಬಂದವರಿಗೆ ಗೊತ್ತಿರುವುದಿಲ್ಲ. ಶಿವರಾತ್ರಿಯ ಮೊದಲು ಪಾದಯಾತ್ರಿಕರ ಗುಂಪುಗಳೂ ಇರುತ್ತವೆ, ಅವರಿಗೆ ದಾರಿ ಬಿಡಬೇಕಾದವರು ನಾವು.

ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ, ಫಲ್ಗುಣಿಯ ದಂಡೆಯ ಹತ್ತಿರ. ನದಿ ಇದೆ ಎಂದರೆ ಇಳಿಜಾರಿದೆ, ಇಳಿಜಾರು ಮುಗಿದ ಮೇಲೆ ಏರೂ ಇದೆ. ಅಲ್ಲಿ ನಿಂತು ನೀರು ಕುಡಿದು ಹೊರಡಿ.

ಇನ್ನೊಂದು ದಾರಿ ಬೆಳ್ತಂಗಡಿಯದು. ಉಜಿರೆ ದಾಟಿ ಮುಂಡಾಜೆಯ ಸೋಮಂತಡ್ಕದಲ್ಲಿ ಚಾರ್ಮಾಡಿ ಹೆದ್ದಾರಿ ಬಿಟ್ಟು ದಿಡುಪೆಯ ಕಡೆ ತಿರುಗಿದರೆ ಗಾಡಿಗಳ ಸದ್ದು ಕೂಡಲೇ ನಿಲ್ಲುತ್ತದೆ. ರಸ್ತೆ ಘಟ್ಟದ ಗೋಡೆಗೇ ಹೋಗಿ ಮುಟ್ಟುವುದರಿಂದ ಆ ಊರುಗಳಲ್ಲಿ ಕೆಲಸವಿಲ್ಲದವರು ಯಾರೂ ಅತ್ತ ಬರುವುದಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ಈ ಪ್ರದೇಶ ತುಂಬ ನೊಂದಿತು. ತೋಟಗಳ ಮೇಲೆ ಮರಳು, ಮರಗಳು ಬಂದು ಬಿದ್ದಿದ್ದವು. ನಿಂತು ಮಾತಾಡಿಸಿದರೆ ಜನ ಕುಡಿಯಲು ಕೊಡದೆ ಕಳುಹಿಸುವುದಿಲ್ಲ. ಆದರೆ ಅವರ ತೋಟದ ದಾರಿಗಳಲ್ಲಿ, ಖಾಸಗಿ ಜಾಗದ ಜಲಪಾತಗಳಲ್ಲಿ ಕೇಳದೆ ನುಗ್ಗಬಾರದು. ದಿಡುಪೆಯಿಂದ ಎಳನೀರು ಎಂಬ ಊರಿನ ಕಡೆಗೆ ಹತ್ತುವ ದಾರಿ ತೆಳು ಚಕ್ರದ ಸೈಕಲ್‌ಗೆ ಹೇಳಿದ್ದಲ್ಲ. ಹಿಂದಿರುಗುವಾಗ ಗಡಾಯಿಕಲ್ಲು ಎಂಬ ಕೋಟೆಯಿರುವ ಬಂಡೆಗುಡ್ಡ ಯಾವ ತಿರುವಿನಲ್ಲಿ ಕಾಣಿಸುತ್ತದೆಂದು ನೋಡುತ್ತಾ ಬನ್ನಿ.

ಉಡುಪಿಯಿಂದ ಒಬ್ಬರು:
ಆಗುಂಬೆಯ ವಿಷಯದಲ್ಲಿ ಹೆಬ್ರಿಯ ಅಣ್ಣನವರು ತುಸು ಕಠಿಣರಾದರು. ಸೂರ್ಯಾಸ್ತ ನೋಡಲು ಜನ ಸೇರುವುದು ಸಂಜೆ, ಅದರಲ್ಲೂ ವಾರದ ಕೊನೆಗೆ. ಮಂಗಳವಾರವೋ ಬುಧವಾರವೋ ರಜೆ ಸಿಕ್ಕಿದಾಗ, ಹೆಬ್ರಿಯವರೆಗೆ ಸೈಕಲ್ಲನ್ನು ಕಾರಿನಲ್ಲಿ ತಂದು, ಬೆಳಕು ಹರಿಯುವ ಹೊತ್ತಿಗೆ ಘಾಟಿಯ ಬುಡದ ಸೋಮೇಶ್ವರದಿಂದ ಹೊರಡಿ. ಅಲ್ಲಿಂದ ಆಗುಂಬೆಗೆ ಸುಮಾರು 10 ಕಿ.ಮೀ., 14 ಹಿಮ್ಮುರಿ ತಿರುವುಗಳು. ನಿಧಾನವಾಗಿ ಹತ್ತುವ ಹೆಣ್ಣುಮಗಳು ನಾನು, ನನಗೂ ಸಾಧ್ಯವಾಗಿದೆ. ಭಯವಿರುವುದು ಇಳಿಯುವಾಗ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಎದುರಿನಿಂದ ಹತ್ತುವ ದೊಡ್ಡ ಗಾಡಿಗೆ ತಿರುಗಲು ಇಡೀ ರಸ್ತೆ ಬೇಕಾಗುತ್ತದೆ; ನಿಂತು ಬಿಟ್ಟುಕೊಡಿ.

ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದರ ಕೆಳಗಿನ ಊರುಗಳೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ. ಮರದ ನೆರಳಿರುವ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ, ಗುಂಡಿಗಳು ನೀರಿನಡಿ ಅಡಗಿರುತ್ತವೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಇಲ್ಲಿಯ ಒಳ್ಳೆಯ ಕಾಲ. ಮಾರ್ಚ್ ಬಂದ ಮೇಲೆ ಒಂಬತ್ತು ಗಂಟೆಯೊಳಗೆ ಮನೆ ಸೇರಿಕೊಳ್ಳಿ, ಸೆಕೆಗೆ ಮೈಯ ನೀರೆಲ್ಲ ಹೋಗುತ್ತದೆ. ನೀರಿಗೆ ಚಿಟಿಕೆ ಉಪ್ಪು, ಬೆಲ್ಲ ಹಾಕಿಕೊಂಡು ಹೋಗಿ.

ಕೋಲ, ಜಾತ್ರೆ, ಯಕ್ಷಗಾನದ ತಿಂಗಳುಗಳೂ ಇವೇ. ರಾತ್ರಿಯ ಯಕ್ಷಗಾನದ ಆಟ ನೋಡಿ ನಿದ್ದೆಗಣ್ಣಿನಲ್ಲಿ ಮನೆಗೆ ಮರಳುವವರ ಬೈಕುಗಳು ನಸುಕಿನ ರಸ್ತೆಯಲ್ಲಿರುತ್ತವೆ. ಹಿಂದೆ ಕೆಂಪು ದೀಪ ಹಚ್ಚದೆ ಹೊರಡಬೇಡಿ. ಒಂಟಿಯಾಗಿ ಹೋಗುವ ಹೆಂಗಸರೂ ಇದನ್ನು ಓದುತ್ತಿದ್ದರೆ, ಕಾರ್ಕಳ–ಹೆಬ್ರಿ ಮತ್ತು ಪೇತ್ರಿ–ಹೆಬ್ರಿ ರಸ್ತೆಗಳಲ್ಲಿ ನನಗೆ ಯಾವತ್ತೂ ಅಳುಕಾಗಿಲ್ಲ. ಮಡಾಮಕ್ಕಿಯ ದಾರಿಗೆ ಜೊತೆ ಹುಡುಕಿಕೊಳ್ಳುತ್ತೇನೆ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆ. ಶೀಂಬ್ರದ ದಾರಿಯಿಂದಲೇ ಶುರು ಮಾಡುತ್ತೇನೆ. ದಾರಿಯಲ್ಲಿ ತಿಂಡಿ, ಪಂಕ್ಚರ್ ರಿಪೇರಿಗೆ ಏನು ಮಾಡುತ್ತೀರಿ?

ಹೆಬ್ರಿಯಿಂದ:
ತಿಂಡಿಗೆ ತೊಂದರೆಯಿಲ್ಲ. ಪೇತ್ರಿ, ಹೆಬ್ರಿ, ಅಜೆಕಾರಿನಂತಹ ಪೇಟೆಗಳಲ್ಲಿ ಬೆಳಿಗ್ಗೆಯೇ ಹೋಟೆಲು ತೆರೆದಿರುತ್ತದೆ, ಬನ್ಸು, ಇಡ್ಲಿ ಬಿಸಿಯಾಗಿ ಸಿಗುತ್ತದೆ. ಅಮಾಸೆಬೈಲಿನ ದಾರಿಗೆ ಮಾತ್ರ ಹೆಬ್ರಿಯಲ್ಲೇ ಹೊಟ್ಟೆ ತುಂಬಿಸಿ, ಎರಡು ಬಾಳೆಹಣ್ಣು ಜೇಬಿಗೆ ಹಾಕಿಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಟ್ಯೂಬ್ ಇರುತ್ತದೆ, ನಿಮ್ಮ ತೆಳು ಚಕ್ರದ ಟ್ಯೂಬ್ ಇರುವುದಿಲ್ಲ. ಎರಡು ಟ್ಯೂಬ್, ಪಂಪು, ಟೈರು ಬಿಚ್ಚುವ ಲಿವರ್ ನಿಮ್ಮ ಚೀಲದಲ್ಲೇ ಇರಲಿ. ಮುಂದಿನ ವಾರ ಪೇತ್ರಿಯವರೆಗೆ ಬರುವುದಾದರೆ ತಿಳಿಸಿ, ನಾನು ಹೆಬ್ರಿಯಿಂದ ಇಳಿದು ಬರುತ್ತೇನೆ.