ಪ್ರಶ್ನೋತ್ತರ: ಬೇಟೆಯ ಹ್ಯಾಂಡ್‌ಗನ್‌ಗೆ ಸ್ಲಿಂಗ್ ಹಾಕಿ ಕೈ ನಿಲ್ಲಿಸುವುದು

ಗನ್‌ಸ್ಮಿತ್: ಹ್ಯಾಂಡ್‌ಗನ್ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಕಡೆಯ, ಪರವಾನಗಿ ಇರುವ ಸದಸ್ಯರಿಗಾಗಿ ಈ ಎಳೆ. ವಿಷಯ ಸ್ಲಿಂಗ್ ಒಂದೇ, ಅಂದರೆ ಗನ್‌ಗೆ ಕಟ್ಟಿ ಮೈಮೇಲೆ ಹಾಕಿಕೊಳ್ಳುವ ಪಟ್ಟಿ. ಪಟ್ಟಿ ಎಳೆಯಬಲ್ಲದು, ತಳ್ಳಲಾರದು. ಎರಡೂ ಕೈಯಿಂದ ಗನ್ನನ್ನು ನೀವು ಮುಂದಕ್ಕೆ ತಳ್ಳಬೇಕು, ಬೆನ್ನ ಮೇಲಿಂದ ಬಂದ ಪಟ್ಟಿ ಅದನ್ನು ಹಿಂದಕ್ಕೆ ಎಳೆಯಬೇಕು. ಈ ಜಗ್ಗಾಟ ಸಮವಾಗಿದ್ದಷ್ಟು ಹೊತ್ತು ಮಾತ್ರ ಗುರಿ ನಿಲ್ಲುತ್ತದೆ. ಸಡಿಲ ಬಿಟ್ಟ ಪಟ್ಟಿ ಗನ್ ಹೊರುವುದಕ್ಕೆ ಸರಿ, ಗುರಿಗೆ ಅದರಿಂದ ಏನೂ ಆಗದು. ಪ್ರಶ್ನೆಯ ಜೊತೆ ಗನ್ ಯಾವುದು, ನಳಿಗೆ ಎಷ್ಟುದ್ದ, ಸ್ಟಡ್ (ಪಟ್ಟಿ ಸಿಕ್ಕಿಸುವ ಮೊಳೆ) ಎಲ್ಲೆಲ್ಲಿ ಇದೆ ಎಂದು ಬರೆಯಿರಿ.

ಸಿಂಗಲ್‌ಶಾಟ್: ನಮಸ್ಕಾರ ಸರ್. ಕಂಟೆಂಡರ್ (ಒಂದೇ ಗುಂಡು ತುಂಬುವ ಪಿಸ್ತೂಲು), 14 ಇಂಚಿನ ನಳಿಗೆ, ಮೇಲೆ ಸ್ಕೋಪ್. ಒಂದು ಸ್ಟಡ್ ಹಿಡಿಕೆಯ ಬುಡದಲ್ಲಿ, ಇನ್ನೊಂದು ನಳಿಗೆಯ ಕೆಳಗಿನ ಮುಂಗಟ್ಟಿಗೆಯಲ್ಲಿ. ಪಟ್ಟಿ ಎಷ್ಟು ಉದ್ದ ಇರಬೇಕು?

ಗನ್‌ಸ್ಮಿತ್: ಇಷ್ಟೇ ಎಂದು ಅಳತೆ ಹೇಳಿದರೆ ತಪ್ಪಾಗುತ್ತದೆ. ತೋಳು, ಎದೆ, ಜಾಕೆಟ್ ಒಬ್ಬೊಬ್ಬರದು ಒಂದೊಂದು ಥರ. ಗನ್ ಖಾಲಿ ಮಾಡಿ, ನಳಿಗೆಯ ಹಿಂಬದಿ, ಅಂದರೆ ಗುಂಡು ತುಂಬುವ ಕಡೆ, ತೆರೆದು ಬೆರಳು ಹಾಕಿ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಹಿಗ್ಗದ ದಾರ 2 ಮೀಟರ್ ತೆಗೆದುಕೊಂಡು ಎರಡೂ ಸ್ಟಡ್‌ಗೆ ಕಟ್ಟಿ. ಬೇಟೆಗೆ ಹೋಗುವಾಗ ತೊಡುವ ಜಾಕೆಟ್ಟನ್ನೇ ತೊಟ್ಟುಕೊಳ್ಳಿ. ಕುಣಿಕೆಯನ್ನು ತಲೆಯ ಮೇಲಿಂದ ಹಾಕಿ, ಬಲಗೈಯವರಾದರೆ ಎಡತೋಳನ್ನು ಅದರೊಳಗಿಂದ ಹೊರತೆಗೆಯಿರಿ. ಒಂದು ಎಳೆ ಬಲಭುಜದ ಮೇಲೆ, ಇನ್ನೊಂದು ಎಡಕಂಕುಳ ಕೆಳಗೆ ಬರಬೇಕು. ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಿ. ಮೊಣಕೈ ಪೂರ್ತಿ ನೆಟ್ಟಗಾಗಲು 3–4 ಸೆಂಟಿಮೀಟರ್ ಬಾಕಿ ಇರುವಾಗ ದಾರ ಬಿಗಿಯಬೇಕು. ಅಲ್ಲಿಗೆ ಗಂಟು ಹಾಕಿ. ಅದೇ ಉದ್ದವನ್ನು 25 ಮಿ.ಮೀ. ಅಗಲದ ನೈಲಾನ್ ಪಟ್ಟಿಗೆ ಇಳಿಸಿ, ಬಕಲ್ ನಿಂತ ಜಾಗಕ್ಕೆ ಬಿಳಿ ದಾರದಲ್ಲಿ ಒಂದು ಹೊಲಿಗೆ ಹಾಕಿ ಗುರುತು ಮಾಡಿ. ಪಟ್ಟಿಯ ತುದಿ ಬಕಲ್‌ನಲ್ಲಿ ಮತ್ತೊಮ್ಮೆ ಹಿಂದಿರುಗಿ ಹೋಗಿರಲೇಬೇಕು. ಒಂದೇ ಸುತ್ತು ಹಾಕಿ ಬಿಟ್ಟರೆ ಪ್ರತಿ ಸಲ ತಳ್ಳಿದಾಗಲೂ ಒಂದೆರಡು ಮಿ.ಮೀ. ಜಾರುತ್ತಾ ಹೋಗುತ್ತದೆ, ಜಾರಿದ್ದು ನಿಮಗೆ ತಿಳಿಯುವುದಿಲ್ಲ.

ನಿಮಗೆ ಸ್ಕೋಪ್ ಇರುವುದರಿಂದ ಇನ್ನೊಂದು ಲಾಭವೂ ಇದೆ. ಹ್ಯಾಂಡ್‌ಗನ್ ಸ್ಕೋಪಿಗೆ ಕಣ್ಣು ತೋಳಿನಷ್ಟು ದೂರದಲ್ಲಿ ಇರಬೇಕು. ಮೊಣಕೈ ಮಡಿಚಿದರೆ ಚಿತ್ರದ ಅಂಚು ಕಪ್ಪಾಗಿ ಮುಚ್ಚಿಕೊಳ್ಳುತ್ತದೆ. ಬಿಗಿದ ಪಟ್ಟಿ ಆ ದೂರವನ್ನು ಪ್ರತಿ ಸಲವೂ ಒಂದೇ ಅಳತೆಗೆ ತಂದು ನಿಲ್ಲಿಸುತ್ತದೆ. ಕಣ್ಣು ಹುಡುಕಾಡದೆ ಪೂರ್ತಿ ವೃತ್ತ ಸಿಗುತ್ತದೆ.

ಮುಂಜಾವು: ಎಷ್ಟು ಜೋರಾಗಿ ತಳ್ಳಬೇಕು?

ಗನ್‌ಸ್ಮಿತ್: ಕೈ ನಡುಗಲು ಶುರುವಾಗುವವರೆಗೆ ತಳ್ಳಿ, ಆಮೇಲೆ ಅದರ ಅರ್ಧಕ್ಕೆ ಇಳಿಸಿ. ಲಗೇಜು ತೂಗುವ ಕೊಕ್ಕೆ ತಕ್ಕಡಿಯನ್ನು ಪಟ್ಟಿಯ ನಡುವೆ ಸಿಕ್ಕಿಸಿ ಅಭ್ಯಾಸ ಮಾಡಿ, 2–3 ಕಿಲೋ ಸಾಕು. ತಳ್ಳುವುದು ಅಂಗೈ ಬುಡದಿಂದ. ಟ್ರಿಗರ್ ಬೆರಳು ಆ ಕೆಲಸಕ್ಕೆ ಸೇರಬಾರದು.

ಕಾಡುಹಾದಿ: ಪಟ್ಟಿ ಎಷ್ಟುದ್ದ ಇರಬೇಕು ಸರ್? ನನ್ನದೂ ಕಂಟೆಂಡರ್.

ಗನ್‌ಸ್ಮಿತ್: ಮೇಲೆ ಬರೆದಿದ್ದೇನೆ.

ಆರುಗುಂಡು: ಸರ್, ನನ್ನದು .44 ಮ್ಯಾಗ್ನಂ ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಗುಂಡಿಗೂ ಕುದುರೆಯನ್ನು, ಅಂದರೆ ಹ್ಯಾಮರನ್ನು, ಕೈಯಿಂದ ಎತ್ತಬೇಕಾದದ್ದು), ಏಳೂವರೆ ಇಂಚಿನ ನಳಿಗೆ. ನಳಿಗೆಗೆ ಬ್ಯಾಂಡ್ ಹಾಕಿ ಸ್ವಿವೆಲ್ (ಪಟ್ಟಿಯ ತಿರುಗುವ ಕೊಂಡಿ), ಹಿಡಿಕೆ ಬುಡಕ್ಕೆ ಇನ್ನೊಂದು. ಚೆನ್ನಾಗಿ ನಿಲ್ಲುತ್ತದೆ. ಪಟ್ಟಿಯ ಅಂಚಿನಲ್ಲಿ ಒಂದು ಕಡೆ ಮಾತ್ರ ಎರಡು ಸೆಂಟಿಮೀಟರ್‌ನಷ್ಟು ಕಪ್ಪಾಗಿ ಗಟ್ಟಿಯಾಗಿದೆ, ಮುಟ್ಟಿದರೆ ಗಾಜಿನ ಮಣಿಯ ಹಾಗೆ ನುಣುಪು. ಕೊಳೆ ಇರಬಹುದೇ? ಸೋಪಿನಲ್ಲಿ ತೊಳೆದರೂ ಹೋಗುತ್ತಿಲ್ಲ.

ಗನ್‌ಸ್ಮಿತ್: ಅದು ಕೊಳೆ ಅಲ್ಲ, ಕರಗಿದ ನೈಲಾನ್. ಆ ಪಟ್ಟಿಯಲ್ಲಿ ಇನ್ನೊಂದು ಗುಂಡನ್ನೂ ಹಾರಿಸಬೇಡಿ. ರಿವಾಲ್ವರ್ ಇರುವ ಉಳಿದವರೂ ಇದನ್ನು ಓದಿ.

ಗುಂಡುಗಳು ಕೂರುವ, ತಿರುಗುವ ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂತುದಿಗೂ ನಡುವೆ ಒಂದು ಸಂದು ಇರುತ್ತದೆ, ಸಾಮಾನ್ಯವಾಗಿ 0.004ರಿಂದ 0.008 ಇಂಚು. ಅಷ್ಟಿಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಗುಂಡು ಆ ಸಂದು ದಾಟುವಾಗ ಕಾದ ಅನಿಲ, ಉರಿಯುತ್ತಿರುವ ಮದ್ದಿನ ಕಣ, ಕೆಲವು ಸಲ ಸೀಸದ ಸಿಬಿರು ಎಡಕ್ಕೂ ಬಲಕ್ಕೂ ಹಾಳೆಯ ಹಾಗೆ ಚಿಮ್ಮುತ್ತವೆ. ಮ್ಯಾಗ್ನಂ ಒತ್ತಡದಲ್ಲಿ ಅದು ಚರ್ಮ ಕೊಯ್ಯುತ್ತದೆ, ನೈಲಾನ್ ಕರಗಿಸುತ್ತದೆ, ಅಲ್ಲಿ ಹೆಬ್ಬೆರಳಿದ್ದರೆ ಅದನ್ನೂ ಸೀಳುತ್ತದೆ. ನಿಮ್ಮ ಪಟ್ಟಿ ಮುಂದಿನ ಬ್ಯಾಂಡಿನಿಂದ ಹೊರಟು ಎದೆಯ ಕಡೆ ಬರುವಾಗ ಬಿಗಿದು ನೇರವಾಗುತ್ತದೆ. ಆ ದಾರಿ ಸರಿಯಾಗಿ ಸಂದಿನ ಪಕ್ಕದಲ್ಲೇ ಇದೆ. ಸಡಿಲವಿದ್ದಾಗ ಕೆಳಗೆ ಜೋತು ಬಿದ್ದಿರುತ್ತದೆ, ಹಾಗಾಗಿ ಮೇಜಿನ ಮೇಲಿಟ್ಟು ನೋಡಿದರೆ ತೊಂದರೆ ಕಾಣುವುದೇ ಇಲ್ಲ. ಖಾಲಿ ಗನ್ ಹಿಡಿದು, ಪಟ್ಟಿ ಬಿಗಿದು, ಪಕ್ಕದಿಂದ ಇನ್ನೊಬ್ಬರಿಗೆ ನೋಡಲು ಹೇಳಿ.

ಕರಗಿದ ಜಾಗದಲ್ಲಿ ಪಟ್ಟಿಯ ಬಲ ಹೋಗಿರುತ್ತದೆ. ನೀವು ಮುಂದಕ್ಕೆ ತಳ್ಳುತ್ತಿರುವಾಗ ಅದು ತುಂಡಾದರೆ, ಕುದುರೆ ಎತ್ತಿರುವ, ಗುಂಡು ತುಂಬಿದ ರಿವಾಲ್ವರ್ ಕೈಯಲ್ಲೇ ಮುಂದಕ್ಕೆ ಚಿಮ್ಮುತ್ತದೆ. ಬೆರಳು ಟ್ರಿಗರ್ ಮೇಲಿರುತ್ತದೆ. ನನ್ನ ಭಯ ಅದೇ.

ಮುಂದಿನ ಬ್ಯಾಂಡ್ ಬಿಚ್ಚಿಬಿಡಿ. ಪಟ್ಟಿಯ ಎರಡೂ ತುದಿ ಹಿಡಿಕೆಯ ಬುಡದ ಒಂದೇ ಸ್ವಿವೆಲ್‌ಗೆ ಬರಲಿ. ವೆಬ್ಲಿ ರಿವಾಲ್ವರ್‌ಗಳ ಬುಡದಲ್ಲಿ ದಾರ ಕಟ್ಟುವ ಬಳೆ ಇರುತ್ತಿತ್ತಲ್ಲ, ಜಾಗ ಅದೇ. ಸಂದಿನ ಹತ್ತಿರ ಯಾವುದೂ ಹಾಯುವುದಿಲ್ಲ. ಇದಕ್ಕೂ ಒಂದು ದೋಷ ಇದೆ: ಎಳೆತ ಮುಷ್ಟಿಗಿಂತ ಕೆಳಗೆ ಬೀಳುವುದರಿಂದ ಬುಡ ಹಿಂದಕ್ಕೆ, ನಳಿಗೆಯ ಬಾಯಿ ಕೆಳಕ್ಕೆ ವಾಲುತ್ತದೆ. ಮಣಿಕಟ್ಟು ಬಿಗಿ ಹಿಡಿಯಿರಿ, ಸೊನ್ನೆ ಹೊಂದಿಸುವುದನ್ನು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಸರಿಮಾಡುವುದನ್ನು, ಪಟ್ಟಿ ಬಿಗಿದೇ ಮಾಡಿ. ಬುಡಕ್ಕೆ ಸ್ಕ್ರೂ ಕೂರಿಸುವ ಕೆಲಸ ಮನೆಯಲ್ಲಿ ಬೇಡ. ಸಿಂಗಲ್ ಆಕ್ಷನ್ ಹಿಡಿಕೆಯ ಚೌಕಟ್ಟಿನೊಳಗೆ ಮೇನ್‌ಸ್ಪ್ರಿಂಗ್ ಇದೆ, ಸ್ಕ್ರೂ ಉದ್ದವಾದರೆ ಅದಕ್ಕೆ ತಾಗಿ ಕುದುರೆಯ ಹೊಡೆತ ಸೊರಗುತ್ತದೆ.

ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇದ್ದರೆ ನಿಮ್ಮ ಸಂದು ಅಳೆದು ಬರೆಯಿರಿ.

ಒಂಟಿಸಲಗ: ಇಷ್ಟೆಲ್ಲ ಯಾಕೆ? ಎಲ್ಲಾ ಗುಂಪುಗಳಲ್ಲೂ ಬಂದಿದೆ ನೋಡಿ: “ಸ್ಲಿಂಗ್ ಜಾಗದಲ್ಲಿ ರಬ್ಬರ್ ಬಂಜಿ ಕಟ್ಟಿ, ಒದೆತ ಅರ್ಧ ಆಗುತ್ತದೆ. ಚರ್ಮದ ಪಟ್ಟಿಯಾದರೆ ನೆನೆಸಿ ಕಟ್ಟಿ, ಒಣಗಿದಾಗ ಅಳತೆಗೆ ಕೂರುತ್ತದೆ. ಉಸಿರು 30 ಸೆಕೆಂಡ್ ಹಿಡಿಯಿರಿ.” ಎಲ್ಲರಿಗೂ ಹಂಚಿ.

ಗನ್‌ಸ್ಮಿತ್: ಹಂಚಬೇಡಿ, ಮೂರೂ ತಪ್ಪು. ಗುಂಡು ಹಾರಿದಾಗ ಗನ್ ನಿಮ್ಮ ಕಡೆಗೆ ಬರುತ್ತದೆ, ಆ ಕ್ಷಣಕ್ಕೆ ಪಟ್ಟಿ ಸಡಿಲವಾಗುತ್ತದೆ. ಸಡಿಲಾದದ್ದು ಒದೆತ ತಡೆಯುವುದು ಹೇಗೆ? ರಬ್ಬರ್ ಕಟ್ಟಿದರೆ ಅದು ಗನ್ನನ್ನು ಇನ್ನಷ್ಟು ಹಣೆಯ ಕಡೆಗೇ ಎಳೆಯುತ್ತದೆ, ಸ್ಕೋಪಿನ ಅಂಚು ಹುಬ್ಬಿಗೆ ಬಡಿಯುತ್ತದೆ. ನೆಂದ ಚರ್ಮ ಎಳೆದಷ್ಟು ಹಿಗ್ಗುತ್ತದೆ, ಒಣಗಿ ಬೇರೆಯೇ ಉದ್ದಕ್ಕೆ ಬರುತ್ತದೆ. ಮಳೆಯಲ್ಲಿ ಮತ್ತೆ ಅದೇ ಕಥೆ. ಉಸಿರನ್ನು ಸಹಜವಾಗಿ ಬಿಟ್ಟು ನಿಂತ ಕಡೆ 5–8 ಸೆಕೆಂಡ್, ಅಷ್ಟರಲ್ಲಿ ಆಗದಿದ್ದರೆ ಗನ್ ಇಳಿಸಿ ಮೊದಲಿಂದ ಮಾಡಿ. 30 ಸೆಕೆಂಡಿಗೆ ಕಣ್ಣು ಮಂಜಾಗಿ, ಕೈ ನಡುಗುತ್ತದೆ.

ಒಂಟಿಸಲಗ: ಸಾವಿರಾರು ಜನ ಮಾಡುತ್ತಿರುವುದು ಸುಳ್ಳೇ?

ಗನ್‌ಸ್ಮಿತ್: ಹೌದು.

ಬಿಳಿಗುರಿ: ಕಂಕುಳ ಕೆಳಗೆ ಯಾಕೆ? ಕೊರಳ ಹಿಂದೆ ಮಾತ್ರ ಹಾಕಿಕೊಂಡರೆ ಎರಡೂ ಕಡೆ ಸಮ ಎಳೆತ, ಗುರಿ ಓರೆಯಾಗುವುದಿಲ್ಲ.

ಸಿಂಗಲ್‌ಶಾಟ್: ಕೊರಳಿಗೆ ಹಾಕಿದರೆ ನಾಡಿ ಮಿಡಿತ ನೇರ ಪಟ್ಟಿಗೆ ಬರುತ್ತದೆ. ಸ್ಕೋಪಿನ ಗೀಟು ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತದೆ, ಮೂರು ಕಿಲೋ ಎಳೆತ ಕತ್ತಿನ ಮೂಳೆಗೆ.

ಬಿಳಿಗುರಿ: ತೋಳಿನಲ್ಲಿ ನಾಡಿ ಇಲ್ಲವೇನು?

ಸಿಂಗಲ್‌ಶಾಟ್: ಕಂಕುಳಲ್ಲಿ ಒತ್ತುವುದು ಪಕ್ಕೆಯ ಮೇಲೆ, ಜಾಕೆಟ್ಟಿನ ಮೇಲಿಂದ. ಒಮ್ಮೆ ಕಟ್ಟಿ ನೋಡಿ, ಆಮೇಲೆ ವಾದ ಮಾಡಿ.

ಬಿಳಿಗುರಿ: ಕಟ್ಟಿ ನೋಡದೆ ಬರೆಯುವವನಲ್ಲ ನಾನು. ನಿಮಗೆ ಕಂಟೆಂಡರ್ ಬಿಟ್ಟು ಬೇರೆ ಗೊತ್ತಿದೆಯೋ ಇಲ್ಲವೋ.

ಗನ್‌ಸ್ಮಿತ್: ಇಬ್ಬರಿಗೂ. ಬುಡದ ಒಂದೇ ಸ್ವಿವೆಲ್ ಇದ್ದರೆ ಕೊರಳ ಹಿಂದೆ ಹಾಕಬಹುದು, ಹಿಂಬದಿಗೆ ಅಗಲ ಮೆತ್ತೆ ಬೇಕು, ಕೊರಳಿನ ಪಕ್ಕದ ನಾಳಗಳಿಗೆ ತಾಗಬಾರದು. ಎರಡು ಸ್ಟಡ್ ಇದ್ದರೆ ಓರೆ ಹಾಕುವುದೇ ಸರಿ. ಓರೆ ಎಳೆತದಿಂದ ಗುರಿ ಸರಿಯುವುದು ನಿಜ, ಅದಕ್ಕೆ ಅಳತೆ ಇದೆ. ಕಂಟೆಂಡರ್‌ನಲ್ಲಿ ಮುಂಗಟ್ಟಿಗೆ ಕೂರುವುದು ನಳಿಗೆಯ ಮೇಲೆಯೇ, ಅದನ್ನು ಎಳೆದರೆ ನಳಿಗೆಯನ್ನೇ ಎಳೆದ ಹಾಗೆ. 50 ಮೀಟರ್‌ನಲ್ಲಿ ಮರಳು ಚೀಲದ ಮೇಲೆ ಪಟ್ಟಿ ಇಲ್ಲದೆ ಐದು ಗುಂಡು, ಆಮೇಲೆ ಕುಳಿತು ಪಟ್ಟಿ ಬಿಗಿದು ಐದು. ಎರಡೂ ಗುಂಪಿನ ನಡುಬಿಂದು ಎಷ್ಟು ದೂರ ಇದೆಯೋ ಅಷ್ಟು ನಿಮ್ಮ ಸರಿತ. ಸ್ಕೋಪನ್ನು ಎರಡನೆಯ ಗುಂಪಿಗೆ ಹೊಂದಿಸಿ. ನಳಿಗೆ ಕಟ್ಟಿಗೆಗೆ ತಾಗದೆ ನಿಂತಿರುವ ಎಕ್ಸ್‌ಪಿ-100ನಂಥ ಬೋಲ್ಟ್ ಆಕ್ಷನ್ ಪಿಸ್ತೂಲಿನಲ್ಲಿ ಸರಿತ ಕಡಿಮೆ.

ಕಾಡುಹಾದಿ: ಕಬ್ಬಿಣದ ಸೈಟ್ ಇದ್ದರೆ ಸ್ಲಿಂಗ್ ಉಪಯೋಗವೇ?

ಗನ್‌ಸ್ಮಿತ್: ಇದೆ. ಎರಡು ಸೈಟ್ ನಡುವೆ 25 ಸೆಂಟಿಮೀಟರ್ ಇದ್ದರೆ, ಮುಂದಿನ ಸೈಟ್ 1 ಮಿ.ಮೀ. ಪಕ್ಕಕ್ಕೆ ಹೋದದ್ದು 50 ಮೀಟರ್‌ನಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಜಿಂಕೆಯ ಎದೆಗೂಡಿನ ಗುರಿಜಾಗವೇ ಸುಮಾರು ಅಷ್ಟು. ಪಟ್ಟಿ ಆ ತೂಗಾಟವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಮರವೋ ಕವೆಗೋಲೋ ಸಿಕ್ಕರೆ ಅದಕ್ಕೇ ಊರಿ. ಐದಕ್ಕೆ ಐದೂ 15 ಸೆಂಟಿಮೀಟರ್ ವೃತ್ತದೊಳಗೆ ಬೀಳದ ದೂರದಿಂದ ಪ್ರಾಣಿಗೆ ಹಾರಿಸಬೇಡಿ. ಗಾಯಗೊಂಡು ಓಡಿದ ಪ್ರಾಣಿಯ ನೋವು ಹಾರಿಸಿದವರ ಹೊಣೆ.

ಮುಂಜಾವು: ರೆಡ್ ಡಾಟ್ ಹಾಕಿದರೆ ಪಟ್ಟಿಯ ಉದ್ದ ಬದಲಾಗುತ್ತದೆಯೇ?

ಒಂಟಿಸಲಗ: ಸ್ಲಿಂಗ್ ಬಿಟ್ಟು ಬುಡಕ್ಕೊಂದು ಮರದ ಸ್ಟಾಕ್ ಸಿಕ್ಕಿಸಿ ಭುಜಕ್ಕೆ ಆನಿಸಿದರೆ ಮುಗಿಯಿತಲ್ಲ. ಹಳೆಯ ಮಾವ್ಸರ್ ಸಿ96 ಪಿಸ್ತೂಲಿಗೆ ಇತ್ತು.

ಬಿಳಿಗುರಿ: ಅಮೆರಿಕದಲ್ಲಿ ಹಾಗೆ ಮಾಡಿದರೆ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಅದು ಗಿಡ್ಡ ನಳಿಗೆಯ ರೈಫಲ್. ನೋಂದಣಿ ಇಲ್ಲದಿದ್ದರೆ ಜೈಲು. ಗೊತ್ತಿಲ್ಲದ್ದನ್ನು ಬರೆಯಬೇಡಿ.

ಒಂಟಿಸಲಗ: ಎಲ್ಲರೂ ಅಮೆರಿಕದಲ್ಲಿಲ್ಲ. ವಕೀಲಿಕೆ ಸಾಕು.

ಸಿಂಗಲ್‌ಶಾಟ್: ಬಂಜಿ ಆಯಿತು, ಈಗ ಸ್ಟಾಕ್. ಮುಂದೇನು?

ಗನ್‌ಸ್ಮಿತ್: ಸ್ಟಾಕ್ ಬಗ್ಗೆ ಇಲ್ಲಿ ಮುಂದುವರಿಸಬೇಡಿ. ಬಿಳಿಗುರಿ ಬರೆದದ್ದು ಸರಿ. ಯಾವ ದೇಶದಲ್ಲಿದ್ದರೂ ಅಲ್ಲಿನ ಕಾನೂನು ಓದದೆ ಗನ್‌ಗೆ ಏನನ್ನೂ ಸೇರಿಸಬೇಡಿ.

ಮಂಜುಗಡ್ಡೆ: ಹಳೆಯ ಸಿಂಗಲ್ ಆಕ್ಷನ್ ಅನ್ನು ಸ್ಲಿಂಗ್‌ನಲ್ಲೇ ಆರೂ ತುಂಬಿ ನೇತುಹಾಕಿಕೊಂಡು ನಡೆಯಬಹುದೇ?

ಗನ್‌ಸ್ಮಿತ್: ಇಲ್ಲ. ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆಯದೆ ಕುದುರೆಯ ಹೊಡೆತ ಗುಂಡಿಗೆ ತಲುಪದಂತೆ ಮಾಡುವ ಪಟ್ಟಿ) ಇಲ್ಲದ್ದಾದರೆ ಐದೇ ತುಂಬಿ, ಕುದುರೆ ಸಿಲಿಂಡರಿನ ಖಾಲಿ ಗುಂಡುಗೂಡಿನ ಮೇಲೆ ಕೂರಬೇಕು. ರೂಗರ್ ಕಂಪನಿ ಆ ಬಾರ್ ಹಾಕಿದ್ದು 1973ರಿಂದ. ಆರಿದ್ದರೂ ಐದಿದ್ದರೂ ಟ್ರಿಗರ್ ಮುಚ್ಚುವ ಹೋಲ್‌ಸ್ಟರ್ ಬೇಕು. ಬರಿಯ ಪಟ್ಟಿಯಲ್ಲಿ ತೂಗಿದರೆ ಬಾಯಿ ನಿಮ್ಮ ತೊಡೆಯ ಕಡೆ ತಿರುಗುತ್ತದೆ, ಮುಳ್ಳುಕಡ್ಡಿ ಕುದುರೆಗೆ ಸಿಕ್ಕುತ್ತದೆ.

ಎಡಗೈ: ಸರ್, ನಾನು ಎಡಗೈಯವನು, ಕಂಟೆಂಡರ್. ಪಟ್ಟಿ ಯಾವ ಭುಜಕ್ಕೆ, ಎಷ್ಟುದ್ದ?

ಗನ್‌ಸ್ಮಿತ್: ಎಡಭುಜಕ್ಕೆ. ಉದ್ದ ಮೇಲೆ ಇದೆ. ಮೂರನೇ ಸಲ ಕೇಳುತ್ತಿರುವುದು.

ಕಾಡುಹಾದಿ: ನಳಿಗೆಯ ಬಾಯಿಗೆ ಒದೆತ ತಗ್ಗಿಸುವ ತೂತುಗಳನ್ನು ಕೊರೆಸಿದ್ದೇನೆ. ಪಟ್ಟಿಗೆ ಅಪಾಯವೇ?

ಗನ್‌ಸ್ಮಿತ್: ಹೌದು, ತೂತಿನ ಎದುರು ಪಟ್ಟಿಯಾಗಲಿ ಬೆರಳಾಗಲಿ ಬರಬಾರದು. ಕಿವಿಗೆ ಪ್ಲಗ್, ಅದರ ಮೇಲೆ ಮಫ್ ಎರಡೂ ಇರಲಿ. ಸದ್ದು ಈಗ ನಿಮ್ಮ ಕಡೆಗೇ ತಿರುಗಿದೆ.

ಒಂಟಿಸಲಗ: ಕಿವಿಗೆ ಹತ್ತಿ ಸಾಲದೇ?

ಸಿಂಗಲ್‌ಶಾಟ್: ಯಾರಾದರೂ ಇವರನ್ನು ಗುಂಪಿನಿಂದ ತೆಗೆಯಿರಿ.

ಒಂಟಿಸಲಗ: ತೆಗೆಯಲು ನೀವು ಯಾರು?

ಗನ್‌ಸ್ಮಿತ್: ಹತ್ತಿ ಸಾಲದು.

ಆರುಗುಂಡು: ಸರ್, ಪಟ್ಟಿ ಬಿಸಾಡಿದೆ. ಗೇಜ್ ಹಾಕಿ ನೋಡಿದೆ, ಸಿಲಿಂಡರನ್ನು ಹಿಂದಕ್ಕೆ ಒತ್ತಿದಾಗ 0.012 ಇಂಚು, ಮುಂದಕ್ಕೆ ಒತ್ತಿದಾಗ 0.005.

ಗನ್‌ಸ್ಮಿತ್: ಅಂದರೆ ಸಿಲಿಂಡರ್ ಹಿಂದೆ ಮುಂದೆ 0.007 ಇಂಚು ಆಡುತ್ತಿದೆ. ಅದು ಹೆಚ್ಚು. ಹಾರುವಾಗ ಸಿಲಿಂಡರ್ ಹಿಂದಕ್ಕೇ ಕೂರುವುದರಿಂದ ಸಂದು 0.012 ಎಂದೇ ಲೆಕ್ಕ, ಪಟ್ಟಿ ಅಷ್ಟು ಬೇಗ ಕರಗಿದ್ದು ಅದಕ್ಕೇ. ಪರವಾನಗಿ ಇರುವ ರಿಪೇರಿಯವರ ಹತ್ತಿರ ಕೊಡಿ. ಸಿಲಿಂಡರಿನ ಮುಂದಿನ ಬುಶಿಂಗ್ ಸವೆದಿದೆಯೇ ನೋಡಲು ಹೇಳಿ, ಎರಡೂ ಅಳತೆಯನ್ನು ಚೀಟಿಯಲ್ಲಿ ಬರೆದು ಗನ್ ಜೊತೆ ಕಳಿಸಿ. ಅದು ಸರಿಯಾಗಿ ಬರುವವರೆಗೆ ಪಟ್ಟಿ ಇದ್ದರೂ ಇಲ್ಲದಿದ್ದರೂ ಹಾರಿಸಬೇಡಿ.